ಸಿಪೋರಾಳ ತಮ್ಮ, ಊರಿನ ಬಿಷಪ್ಪು

ಉತ್ತರ ಧ್ರುವದಂಚಿನ ಊರಲ್ಲಿ ಒಂಬತ್ತು ವರ್ಷದಿಂದ ಸಿಪೋರಾಳದು ಒಂದೇ ಬೇಡಿಕೆ: ಊರಿಗೊಬ್ಬ ಪಾದ್ರಿ ಕೊಡಿ. ಆಂಗ್ಲಿಕನ್ ಧರ್ಮಪ್ರಾಂತ್ಯದವರದೂ ಒಂದೇ ಉತ್ತರ: ಪ್ರಾರ್ಥಿಸುತ್ತಿದ್ದೇವೆ.

"ಪ್ರಾರ್ಥನೆಗೇನು ಇಲ್ಲೂ ಬರ ಇಲ್ಲ, ಆಳಿಗೆ ಬರ" ಎಂದು ಆಕೆ ಅಂಗಡಿಯ ಪೌಲೂಸಿಯ ಮುಂದೆ ಸಿಡುಕುವಳು.

"ನೀನಿದ್ದೀಯಲ್ಲ ಸಿಪೋರಕ್ಕ, ಇನ್ಯಾರು ಬೇಕು?" ಎನ್ನುವನು ಆತ. ಬಿಟ್ಟಿ ಸಿಕ್ಕಿದ ಆಳನ್ನು ಕಳೆದುಕೊಳ್ಳಲು ಯಾವ ಊರಿಗೆ ಮನಸ್ಸಿದೆ?

ಇಗರ್ಜಿಯ ಒಲೆ ಹೊತ್ತಿಸುವವಳು, ಗಂಟೆ ಬಾರಿಸುವವಳು, ಹಾಡಿಸುವವಳು, ಸತ್ತವರನ್ನು ಮಣ್ಣುಮಾಡುವವಳು ಎಲ್ಲ ಅವಳೇ. ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡುವ ಅಧಿಕಾರವೊಂದು ಮಾತ್ರ ಇರಲಿಲ್ಲ. ಅದಕ್ಕೆ ಪಾದ್ರಿಯ ದೀಕ್ಷೆ ಬೇಕು, ದೀಕ್ಷೆಗೆ ಬಿಷಪ್ಪು ಬೇಕು.

ಮೊದಲ ಬಿಷಪ್ಪು ಗಡ್ಡದ ತುಂಬ ಮಂಜುಗಡ್ಡೆ ಕಟ್ಟಿಸಿಕೊಂಡು ನಾಯಿಗಾಡಿಯಲ್ಲಿ ವರ್ಷಕ್ಕೊಮ್ಮೆ ತಪ್ಪದೆ ಬರುತ್ತಿದ್ದನಂತೆ. ಮುಂದಿನವನಿಗೆ ಹಡಗು ಸಿಕ್ಕಿತು, ಭೇಟಿ ಕಮ್ಮಿಯಾಯಿತು. ವಿಮಾನ ಬಂದ ಮೇಲಂತೂ ಬಿಷಪ್ಪರ ಮುಖ ಪಟದಲ್ಲಿ ಮಾತ್ರ. ಎಲ್ಲರೂ ಸಮುದ್ರದಾಚೆಯ ಬಿಳಿಯರು. ಈಗ ಮೊದಲ ಸಲ ಇದೇ ಊರಿನ ಇನುಯಿಟ್ ಹುಡುಗ ಮಾನಸ್ಸಿ ನುಟಾರಾಕ್ ಆ ಪೀಠ ಏರಿದ್ದ. ಇನ್ನಾದರೂ ಪಾದ್ರಿ ಬಂದಾನು ಎಂದು ಸಿಪೋರಾ ಆಸೆಪಟ್ಟಳು.

ಆಸೆಯ ಬುಡದಲ್ಲಿದ್ದದ್ದು ಮೀನು. ಮೇ ತಿಂಗಳಲ್ಲಿ ಸೂರ್ಯ ಮುಳುಗುವುದನ್ನು ಮರೆತಾಗ ಊರಿಗೆ ಊರೇ ಹಿಮಗಾಡಿ ಕಟ್ಟಿಕೊಂಡು ಕೆರೆಗೆ ಹೋಗುತ್ತದೆ. ಮಂಜು ಕೊರೆದು ಮೀನು ಹಿಡಿಯುತ್ತದೆ, ಡೇರೆಯಲ್ಲಿ ನಗುತ್ತದೆ. ಸಿಪೋರಾ ಮಾತ್ರ ಮೂವರು ಮುದುಕರಿಗಾಗಿ ಗಂಟೆ ಬಾರಿಸುತ್ತ ಊರಲ್ಲೇ. ಒಂಬತ್ತು ವಸಂತ ಹೀಗೇ ಹೋದವು. ಈ ಸಲ ಮಂಡಿ ನೋವು ಬೇರೆ. ಮುಂದಿನ ವರ್ಷ ಕೆರೆಯವರೆಗೆ ಗಾಡಿಯ ಕುಲುಕಾಟ ತಡೆಯುವುದು ಅನುಮಾನ.

ಮೇ ಮೊದಲ ವಾರದಲ್ಲೇ ಬಿಷಪ್ಪು ಬಂದಿಳಿದ. ಕೊರಳಲ್ಲಿ ದೊಡ್ಡ ಶಿಲುಬೆ.

"ಬಂದ್ಯಾ ತಮ್ಮಾ? ಟೊಪ್ಪಿ ಹಾಕ್ಕೋ, ಕಿವಿ ಮರಗಟ್ತಾವೆ" ಎಂದಳು ಸಿಪೋರಾ. ಆಕೆಯ ತಮ್ಮ ನುಟಾರಾಕ್ ತೆಳು ಮಂಜಿನಲ್ಲಿ ಕುಸಿದು ಸತ್ತ ಚಳಿಗಾಲದಲ್ಲಿ ನೆರೆಮನೆಯಲ್ಲಿ ಹುಟ್ಟಿದ ಕೂಸಿಗೆ ಅದೇ ಹೆಸರಿಟ್ಟಿದ್ದರು. ಹೆಸರು ಬಂದರೆ ಸತ್ತವನೇ ಬಂದಂತೆ ಎಂಬುದು ಅಲ್ಲಿನ ನಂಬಿಕೆ. ಆ ಕೂಸೇ ಈಗಿನ ಬಿಷಪ್ಪು. ಅಂದಿನಿಂದ ಅವನು ಆಕೆಗೆ ತಮ್ಮ, ಆಕೆ ಅವನಿಗೆ ಅಕ್ಕ. ಅಂಥವನು ಕೇಳಿದ್ದಕ್ಕೆ ಇಲ್ಲವೆನ್ನುವಂತಿಲ್ಲ. ಇಲ್ಲವೆಂದರೆ ಸತ್ತವನ ಮನಸ್ಸು ನೋಯುತ್ತದೆ.

ಸಿಪೋರಾಳ ಮನೆಯಲ್ಲಿ ಪೌಲೂಸಿಯ ಜೊತೆ ಚಹಾ ಮುಗಿಯಿತು.

"ಪಾದ್ರಿ ಎಲ್ಲಿ?" ಎಂದಳು.

"ಯಾರೂ ಇಲ್ಲ ಅಕ್ಕಾ. ದಕ್ಷಿಣದೋರು ಒಂದು ಚಳಿಗಾಲ ಕಂಡ್ರೆ ಓಡೋಗ್ತಾರೆ. ಅದಕ್ಕೇ… ನೀನೇ ದೀಕ್ಷೆ ತಗೋ. ಅಕ್ಕಾ, ನಾನು ಕೇಳ್ತಿದೀನಿ."

ಸಿಪೋರಾ ಲೋಟ ಕುಕ್ಕಿದಳು. "ಅಯ್ಯೋ ಕಳ್ಳ! ಇಳಿಸು ಅಂದ್ರೆ ಹೊರೇನೇ ಜಾಸ್ತಿ ಮಾಡ್ತೀಯಲ್ಲೋ! ನಾ ಇಲ್ಲ ಅನ್ನಲ್ಲ ಅಂತ ಗೊತ್ತಿಟ್ಕೊಂಡೇ ಬಂದಿದೀಯ!"

ಬಿಷಪ್ಪು ಶಿಲುಬೆಯನ್ನು ತಿರುವುತ್ತ ಕುಳಿತ. ಪೌಲೂಸಿ ಕೆಮ್ಮಿ ನಗು ನುಂಗಿದ.

ಆಕೆ ಕಿಟಕಿಯತ್ತ ನೋಡಿದಳು. ಹೊರಗೆ ಮಗಳು ಕೊನೆಯ ಹಿಮಗಾಡಿಗೆ ಹಗ್ಗ ಬಿಗಿಯುತ್ತಿದ್ದಳು.

"ಆಯ್ತು, ತಗೋತೀನಿ" ಎಂದಳು ಸಿಪೋರಾ. "ಈಗಲ್ಲ, ಮೀನು ಮುಗಿದ ಮೇಲೆ. ಅಕ್ಕ ಬೇಟೆಗೆ ಹೋದ್ರೆ ಮನೆ ಕಾಯೋನು ಯಾರು?"

ಬಿಷಪ್ಪು ಲೋಟ ಕೆಳಗಿಟ್ಟ. "ತಮ್ಮ… ಆದ್ರೆ ನಾಳೆ ನನ್ ವಿಮಾನ…"

"ತಮ್ಮ ಅಂತ ಕೇಳೋವಾಗ ತಮ್ಮ, ಒಲೆ ಹಚ್ಚೋವಾಗ ಬಿಷಪ್ಪಾ? ವಿಮಾನ ಮುಂದಿನ ವಾರಾನೂ ಬರತ್ತೆ, ಅದರಾಚೆ ವಾರಾನೂ ಬರತ್ತೆ. ಒಲೆ ಬಾಗಿಲು ಸ್ವಲ್ಪ ಎತ್ತಿ ಎಳೀಬೇಕು, ಇಲ್ದಿದ್ರೆ ಹೊಗೆ."

ಇಗರ್ಜಿಯ ಬೀಗದ ಕೈ ಅವನ ಮಡಿಲಿಗೆ ಬಿತ್ತು.

ಭಾನುವಾರ ಗಂಟೆ ಹೊಡೆದದ್ದು ಇಡೀ ಉತ್ತರದ ಧರ್ಮಾಧ್ಯಕ್ಷ. ಬಂದವರು ಮೂವರು ಮುದುಕರು ಮತ್ತು ಪೌಲೂಸಿ. ಇಗರ್ಜಿ ತುಂಬ ಹೊಗೆ. ಒಂಬತ್ತು ವರ್ಷದ ಮೇಲೆ ಅವರಿಗೆ ರೊಟ್ಟಿ, ದ್ರಾಕ್ಷಾರಸ ಸಿಕ್ಕಿತು.

ಕೆರೆಯ ಮೇಲೆ ಸಿಪೋರಾ ಮಂಜಿನ ತೂತಿನ ಪಕ್ಕ ಜಿಂಕೆ ಚರ್ಮ ಹಾಸಿ ಅಂಗಾತ ಮಲಗಿದ್ದಳು. ಮೀನು ದಾರ ಎಳೆದರೂ ಏಳಲಿಲ್ಲ, ಬಿಸಿಲಿಗೆ ಮುಖವೊಡ್ಡಿ ನಗುತ್ತಿದ್ದಳು.