ಕಸ ಬೀಳದ ಕೊಳ

ಗೆಳೆಯರೇ, ಕಿಕ್ಕೇರಿಯ ನಮ್ಮ ಹಿತ್ತಲಿನ ಹೊಸ ಈಜುಕೊಳಕ್ಕೆ ಇವತ್ತು ಮೊದಲ ಸಲ ನೀರು ಬಿಟ್ಟೆವು. ಊರಿಗೆ ಕರೆಂಟು ಬಂದ ಮೇಲೆ ಬಾವಿಗೆ ಹಾಕಿಸಿದ ಮೋಟರು ಬೆಳಗಿನಿಂದ ಓಡಿತು. ನೀರಿಗೆ ಕಸ ಬೀಳಬಾರದೆಂದು ಹೊಂಗೆ, ನೇರಳೆ, ಪಾರಿಜಾತ ಎಲ್ಲವನ್ನೂ ಬೇಡವೆಂದು ಸುತ್ತ ಬರೀ ಕತ್ತಾಳೆ ನೆಡಿಸಿದ್ದೆ.

ಕೊಳ ತುಂಬಿತೋ ಇಲ್ಲವೋ, ಅವ್ವ ಬೀದಿಯ ಹೆಂಗಸರನ್ನೆಲ್ಲ ಕರೆತಂದು ಗಂಗೆ ಪೂಜೆ ಮಾಡಿದಳು. ಅರಿಶಿನ, ಕುಂಕುಮ, ಒಂದು ಮಂಕರಿ ಚೆಂಡುಹೂವು ನೀರಿಗೆ ಬಿದ್ದವು.

"ಏನವ್ವಾ ಇದು? ಒಂದೆಲೆನೂ ಬೀಳ್ಬಾರ್ದು ಅಂತ ಕತ್ತಾಳೆ ನೆಡ್ಸಿವ್ನಿ!" ಎಂದೆ.

"ಗಂಗವ್ವನ್ನ ಬರೀ ತಲೇಲಿ ಮಡುಗ್ತಾರೇನ್ಲಾ? ನಿನ್ ಗಿಡ ಹೂ ಬುಡಾಕಿಲ್ಲ ಅಂತ್ಲೇ ನಾವ್ ತಂದಿದ್ದು" ಎಂದಳು.

ನಾಳೆ ಪಾರಿಜಾತವನ್ನೇ ನೆಡುತ್ತೇನೆ. ಅದು ಕುಂಕುಮವನ್ನಂತೂ ಉದುರಿಸುವುದಿಲ್ಲ.