ಸುಮಿತ್ರಕ್ಕನ ಗುಳಿಗೆ

ಸುಮಿತ್ರಕ್ಕ ಬಂದರೆ ಮೊದಲು ಮುಖ ನೋಡುತ್ತಿರಲಿಲ್ಲ. ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡುತ್ತಿದ್ದರು. ನಾನು ಬಸುರಿಯಾಗಿದ್ದಾಗ ಖಾನಾಪುರದಿಂದ ನಮ್ಮ ದೇಸೂರಿಗೆ ಬರುತ್ತಿದ್ದ ಸರಕಾರಿ ನರ್ಸ್ ಅವರು. ನನ್ನ ರೆಪ್ಪೆಯೊಳಗೆ ಸುಣ್ಣ ಬಳಿದಂತಿತ್ತಂತೆ. ಗಂಡ ಉದ್ಯಮಬಾಗದ ಫೌಂಡ್ರಿಯಿಂದ ಅಂಗಿಯ ತುಂಬ ಕಬ್ಬಿಣದ ಪುಡಿ ಹೊತ್ತು ಬರುವುದನ್ನು ಕಂಡು, "ಮನಿ ತುಂಬ ಕಬ್ಬಿಣ ಐತಿ, ನಿನ್ನ ರಕ್ತದಾಗ ಅಷ್ಟ ಇಲ್ಲ ನೋಡವಾ," ಎಂದು ಛೇಡಿಸಿದರು.

ಬಂದ ದಿನ ಕಬ್ಬಿಣದ ಗುಳಿಗೆಯನ್ನು ತಮ್ಮೆದುರೇ ನುಂಗಿಸುತ್ತಿದ್ದರು. ಚಹಾ ಎಂದರೆ ಅವರಿಗೆ ಪ್ರಾಣ. ಅತ್ತೆ ಶುಂಠಿ ಹಾಕಿ ಎರಡು ಕಪ್ಪು ತರುತ್ತಿದ್ದರು, ಅವರಿಗೊಂದು, ನನಗೊಂದು. ಗುಳಿಗೆಯ ವಾಕರಿಕೆ ಚಹಾದಲ್ಲಿ ಅಡಗುತ್ತಿತ್ತು. ಉಳಿದ ದಿನಗಳಲ್ಲೂ ಅದನ್ನೇ ರೂಢಿ ಮಾಡಿಕೊಂಡೆ. ರಿಜಿಸ್ಟರ್ ತುಂಬುತ್ತ ಅವರು ತಮ್ಮೂರು ಕಣಕುಂಬಿಯ ಕಾಡು, ಮಂಜು ಎಂದು ಹೇಳುತ್ತಿದ್ದರೆ ನನಗೆ ಕುಳಿತಲ್ಲೇ ಜೋಂಪು ಹತ್ತುತ್ತಿತ್ತು. ಆ ಮಧ್ಯಾಹ್ನಗಳು ಎಷ್ಟು ಚೆನ್ನಾಗಿದ್ದವು.

ಏಳನೇ ತಿಂಗಳಲ್ಲಿ ಈಳಿಗೆ ತಾಗಿ ಬೆರಳು ಕುಯ್ದುಕೊಂಡೆ. ಸಣ್ಣ ಗಾಯ, ಮಾಯಲೇ ಇಲ್ಲ. ಕೀವಾಯಿತು, ಕೈ ಬಾತಿತು, ಜ್ವರ ಏರಿತು. ಸುಮಿತ್ರಕ್ಕ ರೆಪ್ಪೆ ಎಳೆದು ನೋಡಿ, ಗುಳಿಗೆ ಹೇಗೆ ತೆಗೆದುಕೊಳ್ಳುತ್ತೀ ಎಂದು ಕೇಳಿದರು. ಚಹಾದ ಜೊತೆ, ಎಂದೆ. ಅವರು ಅತ್ತೆಯನ್ನು ಕರೆದರು. ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ ಎಂದು ಅತ್ತೆಗೆ ತಿಳಿಸಿ, "ರಕ್ತ ಕಮ್ಮಿ ಆದ್ರ ರೋಗದ ಕೂಡ ಕಾದಾಡೋ ಶಕ್ತೀನೂ ಕಮ್ಮಿ ಆಗ್ತದ್ರಿ. ಈಗ ತಾಯಿ, ಕೂಸು ಇಬ್ಬರ ಜೀವಕ್ಕೂ ಧೋಕಾ ಐತಿ," ಎಂದರು. ತಾವೇ ಗಾಡಿ ತರಿಸಿ ನನ್ನನ್ನು ಬೆಳಗಾವಿಗೆ ಕರೆದೊಯ್ದರು.

ಆಸ್ಪತ್ರೆಯ ದಿನಗಳು ಮಂಪರಿನಲ್ಲೇ ತೇಲಿಹೋದವು. ಬಿಳಿ ಪರದೆ ಅಲುಗಿದಾಗೆಲ್ಲ ಕೂಸೇ ನಡೆದು ಬಂದಂತೆ ಕಾಣುತ್ತಿತ್ತು. ಹೊಟ್ಟೆಯಲ್ಲಿ ಅದು ಮಿಸುಕುತ್ತಿದೆಯೋ ಇಲ್ಲವೋ ತಿಳಿಯದೆ ಅಳುತ್ತಿದ್ದೆ. ರಕ್ತ ಏರಿಸಿದರು, ಜ್ವರ ಇಳಿಯಿತು. ದಿನ ತುಂಬುವ ಮೊದಲೇ ಮಗಳು ಹುಟ್ಟಿದಳು. ಗುಬ್ಬಿಯಷ್ಟಿದ್ದಳು, ಉಳಿಯುತ್ತಾಳೆಂದು ಯಾರೂ ಖಾತ್ರಿ ಕೊಡಲಿಲ್ಲ.

ನೋಡಲು ಬಂದ ಸುಮಿತ್ರಕ್ಕ ಮಂಚದ ಬದಿಗೆ ಕುಳಿತರು. "ತಪ್ಪು ನಂದವಾ. ನನ್ನ ಮುಂದನ ಕುಂತು ನೀ ಚಹಾ ಕುಡದಿ. ಗೊತ್ತಿದ್ದೂ ನಾ ಲಕ್ಷ್ಯ ಕೊಡಲಿಲ್ಲ."

ನನಗೆ ಸಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ಗೋಡೆಯ ಕಡೆ ಮಗ್ಗುಲಾದೆ. ಅವರು ಎದ್ದು ಹೋದರು. ಆಮೇಲೆ ತಾವೇ ಕೇಳಿಕೊಂಡು ಕಣಕುಂಬಿಗೆ ವರ್ಗ ಮಾಡಿಸಿಕೊಂಡರಂತೆ.

ಮಗಳು ಓಡಾಡುವಂತಾದ ಮೇಲೆ ಅವಳನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಸುಮಿತ್ರಕ್ಕ ತೀರಿಕೊಂಡು ಮೂರು ತಿಂಗಳಾಗಿತ್ತು. ಬಾಗಿಲು ತೆರೆದ ಅವರ ತಂಗಿ ನನ್ನ ಮಗಳನ್ನೇ ದಿಟ್ಟಿಸಿ ನೋಡಿದರು.

"ದೇಸೂರಿನ ಕೂಸು ಇದ ಏನ್ರಿ? ಉಳೀತೋ ಇಲ್ಲೋ ಅಂತ ಅಕ್ಕ ಕಡೀತನಕ ಕೇಳತಿದ್ಲು."