ಫ್ರಿಜ್ಜಿನಲ್ಲಿಟ್ಟ ಕೆರೆ ಮಣ್ಣು

ಕೆರೆಯ ಹೂಳು ನೋಡಿ ಹಿಂದಿನ ಕಾಲದ ಮಳೆಯ ಲೆಕ್ಕ ಹಿಡಿಯುವುದು ನನ್ನ ಕೆಲಸ. ಹೀಗೆಂದರೆ ಅಣ್ಣ ಈಗಲೂ ನಗುತ್ತಾನೆ. "ಅಷ್ಟು ಓದಿಸಿದ್ದು ಮಣ್ಣು ಹೊರಾಕಾ?" ಅನ್ನುತ್ತಾನೆ. ಹೊರುವುದೇ ಸರಿ. ಕೆರೆಯ ತಳದಲ್ಲಿ ವರ್ಷವರ್ಷವೂ ಹೂಳು ಕೂರುತ್ತದೆ. ಮಳೆ ಸುರಿದ ಕಾಲದ್ದು ಒಂದು ಬಣ್ಣ, ಬರದ ಕಾಲದ್ದು ಇನ್ನೊಂದು. ಕೊಳವೆ ಇಳಿಸಿ ಅದನ್ನು ಕಂಬದ ಹಾಗೆ ಎತ್ತಬೇಕು. ಮೇಲಿನದು ಮೇಲೆ, ಕೆಳಗಿನದು ಕೆಳಗೆ ಇರುವಂತೆ ಕಾಪಾಡಬೇಕು. ಕಲಸಿಹೋದರೆ ಅದು ಬರೀ ಮಣ್ಣು.

ಆ ಬೇಸಿಗೆ ಆನಗೋಡಿನ ಕಡೆಯ ಒಂದು ಕೆರೆ ಪೂರ್ತಿ ಒಣಗಿತ್ತು. ಹೂಳೆತ್ತಲು ಜೆಸಿಬಿಗಳು ಬರುವುದಿತ್ತು. ಅವು ಬಂದರೆ ಎಲ್ಲ ಹೋಯಿತು ಎಂದು ನಾವು ಅವಸರದಲ್ಲಿ ಕೊಳವೆ ಇಳಿಸಿದೆವು. ಮೇಲಿನ ತುಂಡುಗಳು ಸಂಸ್ಥೆಯ ಗಾಡಿಯಲ್ಲಿ ಹೋದವು. ಎಲ್ಲಕ್ಕಿಂತ ಕೆಳಗಿನದು, ಎಲ್ಲಕ್ಕಿಂತ ಹಳೆಯದು, ಗಾಡಿ ಹೋದ ಮೇಲೆ ಕೈಗೆ ಬಂತು. ಆ ಕೆರೆ ಕಟ್ಟಿದವರು ಬರಕ್ಕೆ ಹೆದರಿ ಕಟ್ಟಿದರೋ, ಒಳ್ಳೆಯ ಮಳೆಯ ಹುಮ್ಮಸ್ಸಿನಲ್ಲಿ ಕಟ್ಟಿದರೋ ಎಂಬುದು ನಾನು ಕೆಲಸಕ್ಕೆ ಸೇರಿದಾಗಿನಿಂದ ತಲೆ ತಿನ್ನುತ್ತಿದ್ದ ಪ್ರಶ್ನೆ. ಉತ್ತರ ಇದ್ದರೆ ಆ ತುಂಡಿನಲ್ಲೇ ಇರಬೇಕಿತ್ತು.

ಗಾಡಿ ಮತ್ತೆ ಬರುವವರೆಗೆ ಅದನ್ನು ತಂಪಿನಲ್ಲಿಡಬೇಕಿತ್ತು. ಕೊಳವೆಯ ಸಮೇತ ಎಸ್.ಎಸ್. ಬಡಾವಣೆಯ ಅಣ್ಣನ ಮನೆಗೆ ತಂದೆ; ಅವ್ವ ಇರುವುದೂ ಅಲ್ಲೇ. ಅತ್ತಿಗೆಯನ್ನು ಪುಸಲಾಯಿಸಿ, ಬದನೆಕಾಯಿ ಎತ್ತಿಸಿ, ಫ್ರಿಜ್ಜಿನ ತಳದಲ್ಲಿ ಜಾಗ ಮಾಡಿಕೊಂಡೆ. ಮೇಲೊಂದು ಚೀಟಿ ಅಂಟಿಸಿದೆ: 'ಕೆರೆ ಮಣ್ಣು. ಯಾರೂ ಮುಟ್ಟಬೇಡಿ.'

ಗಾಡಿ ಇವತ್ತು ನಾಳೆ ಎನ್ನುತ್ತಾ ತಡವಾಯಿತು. ಅಷ್ಟರಲ್ಲಿ ಒಂದು ದಿನ ಬಾವಿಗಳ ನೀರು ಹಿಡಿದು ತರಲು ಭಾನುವಳ್ಳಿಗೆ ಹೋದೆ. ಹರಿಹರದಲ್ಲಿ ಬಸ್ಸು ತಪ್ಪಿ, ಬಾಟಲಿಗಳ ಚೀಲ ಹೊತ್ತು ಮನೆ ಸೇರಿದಾಗ ಸಂಜೆಯಾಗಿತ್ತು. ದೇವರ ಮುಂದೆ ಒಂದು ಜೋಡಿ ಎತ್ತು ನಿಂತಿದ್ದವು. ಕಪ್ಪಗೆ, ನುಣ್ಣಗೆ, ಕಣ್ಣಿಗೆ ಜೋಳದ ಕಾಳು, ಹಣೆಗೆ ವಿಭೂತಿ. ಅವತ್ತು ಮಣ್ಣೆತ್ತಿನ ಅಮಾವಾಸ್ಯೆ. ನನಗೆ ನೆನಪೇ ಇರಲಿಲ್ಲ.

"ಎಂಥಾ ಮಣ್ಣು ತಂದೀಯವ್ವಾ!" ಅಂದಳು ಅವ್ವ. "ಬೆಣ್ಣಿ ಹಂಗೈತೆ. ಒಂದು ಹರಳಿಲ್ಲ ನೋಡು."

ನಾನು ಚೀಲ ಅಲ್ಲೇ ಇಳಿಸಿದೆ. "ಮುಟ್ಟಬ್ಯಾಡ್ರಿ ಅಂತ ಬರ್ದಿದ್ನಲ್ಲವ್ವಾ!"

"ಅದನ್ನ ಓದೇ ಗೊತ್ತಾತು, ಪೂಜಿಗಂತ ಮಡೀಲಿಂದ ಇಟ್ಟೀಯ ಅಂತ. ನಾನೂ ಜಳಕ ಮಾಡೇ ಮುಟ್ಟೀನಿ. ನಿಮ್ಮ ಅತ್ತಿಗಿಗೂ ಮುಟ್ಟಗೊಟ್ಟಿಲ್ಲ."

ಅಡುಗೆಮನೆಗೆ ಹೋದೆ. ಕೊಳವೆಯನ್ನು ತಿಕ್ಕಿ ತೊಳೆದು, ಕಿಟಕಿಯಲ್ಲಿ ಒಣಗಲು ಇಟ್ಟಿದ್ದರು. ಸಿಟ್ಟು ನೆತ್ತಿಗೇರಿತು. ಅಳುವೂ ಬಂತು. ಅತ್ತಿಗೆ ಹತ್ತಿರ ಬಂದು ಮೆಲ್ಲಗೆ, "ಏನೂ ಅನ್ನಬ್ಯಾಡ. ಅತ್ತೆಗೆ ಮೊಣಕಾಲು ಹಿಡಿದು ಕೆರೆಗೆ ಹೋಗೋದು ನಿಂತಾಗಿಂದ ಅಂಗಡಿ ಎತ್ತೇ ತಂದು ಪೂಜೆ ಮಾಡ್ತಿದ್ವಿ, ಅವರಿಗೆ ಸಮಾಧಾನಿರ್ಲಿಲ್ಲ. ಇವತ್ತು ಹೆಂಗೆ ಕುಣೀತಾರೆ ನೋಡು" ಅಂದಳು.

ಅಷ್ಟರಲ್ಲಿ ಪಕ್ಕದ ಮನೆಯವರು ಎತ್ತು ನೋಡಲು ಬಂದರು. "ಬರ್ರಿ, ಕೂಡ್ರಿ" ಎಂದು ಅವ್ವ ಅವರನ್ನು ಕೂರಿಸಿ ಹೇಳುತ್ತಿದ್ದುದು ಒಳಗೆ ಕೇಳಿಸಿತು. "ನನ್ನ ಮಗಳು ತಂದಿದ್ದು ರೀ. ಊರೂರು ಕೆರೆ ತಿರುಗ್ತಾಳೆ. ನೆಪ್ಪಿಟ್ಟು ನನಗಂತ ತಂದಾಳೆ."

ನೆಪ್ಪಿಟ್ಟು! ಸಿಟ್ಟೆಲ್ಲ ಎಲ್ಲಿ ಇಳಿಯಿತೋ. ಹೊರಗೆ ಬಂದು, "ಹೌದ್ರಿ, ಅವ್ವಗಂತಲೇ ತಂದೆ" ಅಂದೆ. ಇಷ್ಟು ವರ್ಷದಲ್ಲಿ ನಾನು ಯಾವ ಸಭೆಯಲ್ಲೂ ಅಷ್ಟು ಖಚಿತವಾಗಿ ಮಾತಾಡಿದ್ದಿಲ್ಲ. ಆ ಕೆರೆಯ ಮೇಲೆ ನಾನು ಬರೆದ ಪ್ರಬಂಧದಲ್ಲಿ, ತಳದ ತುಂಡು ಲಭ್ಯವಾಗಲಿಲ್ಲ ಎಂದಷ್ಟೇ ಇದೆ.

ಪೂಜೆ ಮುಗಿದ ಮೇಲೆ ಎತ್ತುಗಳನ್ನು ನೀರಿಗೆ ಬಿಡಬೇಕು. "ಎಲ್ಲಿಂದ ತಂದೀಯೋ ಅಲ್ಲೇ ಬಿಡಬೇಕು" ಎಂದು ಅವ್ವ ಹಟ ಹಿಡಿದಳು. ಮರುದಿನ ಬೆಳಿಗ್ಗೆ ಆಟೊ ಮಾಡಿಕೊಂಡು ಹೋದೆವು. ಜೆಸಿಬಿಗಳು ಕೆಲಸ ಮುಗಿಸಿ ಹೋಗಿದ್ದವು. ಕೆರೆಯ ತಳವೆಲ್ಲ ಕೆಂಪು ಗೊರಚು, ಗುಂಡಿಗಳಲ್ಲಿ ಮೊದಲ ಮಳೆಯ ನೀರು. ಅವ್ವ ಏರಿಯ ಮೇಲೆ ನಿಂತು ಕೈ ಮುಗಿದಳು. ನಾನು ಇಳಿದು ಎತ್ತುಗಳನ್ನು ನೀರಿಗೆ ಬಿಟ್ಟೆ. ಮೊದಲು ಕೊಂಬು ಕರಗಿತು.

ಮುಂದೆ ಯಾವ ಕಾಲಕ್ಕೋ ನನ್ನಂಥವರೊಬ್ಬರು ಇಲ್ಲಿ ಕೊಳವೆ ಇಳಿಸಿ, ಹೊಸ ಹೂಳಿನ ನಡುವೆ ಹಳೇ ಮಣ್ಣು, ಅದರೊಳಗೆ ಜೋಳದ ಕಾಳು ಕಂಡು ತಲೆ ಕೆರೆದುಕೊಂಡಾರು. ಆ ಪುಣ್ಯಾತ್ಮರನ್ನು ನೆನೆದು ನಗು ಬಂತು.

"ಯಾಕ ನಗ್ತೀಯ?" ಅಂದಳು ಅವ್ವ. "ಬರೋ ವರ್ಷಾನೂ ಇದೇ ಕೆರೆದು ತಾರವ್ವಾ. ಇಂಥ ಮಣ್ಣು ಬ್ಯಾರೆ ಕಡಿಗೆ ಸಿಗಂಗಿಲ್ಲ."

ಬಗೆದುಹೋದ ಆ ಕೆರೆಯಲ್ಲಿ ಅಂಥ ಮಣ್ಣು ಇನ್ನೊಂದು ಹಿಡಿ ಉಳಿದಿರಲಿಲ್ಲ.

"ತರ್ತೀನವ್ವಾ" ಅಂದೆ.